ಫೋಟೊಕ್ಕೆ ನಾಲ್ಕನೆಯವರು ಬೇಕಾಗಿದ್ದಾರೆ

ಜಿಪುಣತನ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ, ಕೆಲವರಿಗೆ ಸಂಸಾರ ಮಾಡುತ್ತ ಮಾಡುತ್ತ ಬರುತ್ತದೆ. ನನಗೆ ಅದು ಬಂದದ್ದು ಕ್ಯಾಮೆರಾದಿಂದ, ಅದೂ ಕಿವಿಯ ಪಕ್ಕದ ಕೂದಲು ಬೆಳ್ಳಗಾದ ಮೇಲೆ. ಅಲ್ಲಿಯವರೆಗೆ ನಾನು ಧಾರಾಳಿಯೇ. ಫೋನಿನಲ್ಲಿ ಫೋಟೊ ತೆಗೆಯುವ ವಿಷಯದಲ್ಲಂತೂ ನನ್ನಷ್ಟು ಕೈ ಬಿಚ್ಚಿದ ಮನುಷ್ಯ ಬೆಳಗಾವಿಯ ಟಿಳಕವಾಡಿಯಲ್ಲಿ ಇನ್ನೊಬ್ಬನಿರಲಿಲ್ಲ. ತಟ್ಟೆಯಲ್ಲಿದ್ದ ಅವಲಕ್ಕಿ, ಕಿಟಕಿಗೆ ಬಂದ ಗಿಳಿ, ಗಿಳಿ ಹಾರಿಹೋದ ಮೇಲೆ ಉಳಿದ ಕಿಟಕಿ, ಶಾಲೆಯ ಹಲಗೆಯ ಮೇಲೆ ಯಾರೋ ಬರೆದ ನನ್ನದೇ ವ್ಯಂಗ್ಯಚಿತ್ರ, ಎಲ್ಲವನ್ನೂ ತೆಗೆದೆ. ತೆಗೆದದ್ದನ್ನು ತಿರುಗಿ ನೋಡಿದವರು ಯಾರೂ ಇಲ್ಲ, ನಾನೂ ನೋಡಿಲ್ಲ. ಆದರೆ ಬಣ್ಣದ ರೋಲು ತುಂಬಿದ ಕ್ಯಾಮೆರಾ ಕೈಗೆ ಬಂದದ್ದೇ ತಡ, ನನ್ನ ಸ್ವಭಾವವೇ ತಿರುಗಿಬಿಟ್ಟಿತು. ಒಂದು ಸಲ ಗುಂಡಿ ಒತ್ತುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಒಂದು ರೋಲಿಗೆ ಮೂವತ್ತಾರೇ ಚಿತ್ರ, ಆಮೇಲೆ ದೇವರೇ ಬಂದು ಎದುರಿಗೆ ನಿಂತರೂ "ರೋಲು ಮುಗಿದಿದೆ, ನಾಳೆ ಬಾ" ಎನ್ನಬೇಕಾದ ಪರಿಸ್ಥಿತಿ.

ಈ ಕ್ಯಾಮೆರಾ ನನ್ನದೇ, ಮದುವೆಯ ಹೊಸತರಲ್ಲಿ ಕೊಂಡದ್ದು. ಆಗ ನಾಲ್ಕು ದಿನ ಮೆರೆದು ಆಮೇಲೆ ಅಟ್ಟ ಸೇರಿತ್ತು. ಕಳೆದ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ನನ್ನ ಮಗಳು ಅಕ್ಷತಾ ಅದನ್ನು ಹಳೆಯ ಟವೆಲ್ಲಿನೊಳಗಿಂದ ಬಿಚ್ಚಿ ತೆಗೆದಳು. ಅವಳು ಇಲ್ಲಿಯೇ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಓರಗೆಯ ಮಕ್ಕಳಿಗೆ ಈಗ ರೋಲಿನ ಫೋಟೊಗಳ ಹುಚ್ಚು ಹಿಡಿದಿದೆಯಂತೆ. ನಾವು ಯಾವುದನ್ನು ಬಿಟ್ಟು ನೆಮ್ಮದಿಯಾಗಿದ್ದೇವೋ ಅದನ್ನೇ ಇವರು ಹುಡುಕಿ ತೆಗೆದು ಮೈಮೇಲೆ ಹಾಕಿಕೊಳ್ಳುತ್ತಾರೆ. ಪಾಪ, ತನ್ನ ಖರ್ಚಿನ ದುಡ್ಡಿನಲ್ಲಿ ಎಲ್ಲಿಂದಲೋ ಒಂದು ಬಣ್ಣದ ರೋಲು ತರಿಸಿದಳು. "ನಿನಗೆ ಬರೂದಿಲ್ಲ, ಕೊಡಿಲ್ಲಿ, ತೋರಿಸ್ತೀನಿ" ಎಂದು ಇಸಿದುಕೊಂಡವನು ನಾನು ಇಂದಿನವರೆಗೂ ತೋರಿಸುತ್ತಲೇ ಇದ್ದೇನೆ. ರೋಲು ತೊಳೆಸುವುದೆಲ್ಲಿ ಎಂದು ವಿಚಾರಿಸಲು ನಮ್ಮ ಓಣಿಯ ಸ್ಟುಡಿಯೋಕ್ಕೆ ಹೋದರೆ, ಮಾಲೀಕರು ನನ್ನನ್ನು ಯಾವುದೋ ಪ್ರಾಚೀನ ಶಾಸನವನ್ನು ನೋಡುವಂತೆ ನೋಡಿದರು. "ಸರ್, ಆ ಮಷೀನ್ ಗುಜರಿಗೆ ಹಾಕಿ ನಾನೂ ಮರೆತೀನ್ರಿ. ಮುಂಬೈಕ ಕಳಸ್ರಿ, ತೊಳದು ಕೊಡ್ತಾರ" ಎಂದರು. ನಮ್ಮಲ್ಲಿ ಫೋಟೊ ತೆಗೆಸುತ್ತಾರೆ, ರೋಲು ತೊಳೆಸುತ್ತಾರೆ. ಬಟ್ಟೆ ತೊಳೆದಂತೆ. ಈ ತೊಳೆಯುವ ಮಾತನ್ನು ಮುಂದೆ ನಮ್ಮ ಮನೆತನದ ದೊಡ್ಡ ಅಧಿಕಾರಿಯೊಬ್ಬರು ಕಾನೂನಿನಂತೆ ಬಳಸಲಿದ್ದರು ಎಂದು ನನಗೆ ಆಗ ಗೊತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಇದನ್ನು ಹೇಳದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ವಿಜ್ಞಾನದ ಮಾಸ್ತರನ ಮನೆಯವರು ಅನುಭವಿಸುವ ಕಷ್ಟವನ್ನು ಯಾರೂ ಬರೆದಿಲ್ಲ. ಗ್ರಹಣದ ದಿನ ಎಲ್ಲರಿಗಿಂತ ಮೊದಲು ಊಟಕ್ಕೆ ಕೂತು, ಓಣಿಗೆಲ್ಲ ಕಾಣುವಂತೆ ಬಾಗಿಲು ತೆರೆದಿಟ್ಟು, ಚಪಾತಿ ಹರಿಯುವವನು ನಾನು. ಬೆಕ್ಕು ಅಡ್ಡ ಬಂದರೆ ಅದಕ್ಕೆ ದಾರಿ ಬಿಟ್ಟು ಮುಂದೆ ಹೋಗುವವನು. ಶಾಲೆಯಲ್ಲಿ ಮೂಢನಂಬಿಕೆಗಳ ಮೇಲೆ ನಾನು ಮಾಡುವ ಭಾಷಣ ಎಷ್ಟು ಪ್ರಸಿದ್ಧವೆಂದರೆ, ಅದು ಇದೆ ಎಂದು ಗೊತ್ತಾದ ದಿನ ಹತ್ತನೆಯ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಹೊಟ್ಟೆನೋವು ಬರುತ್ತದೆ. ಇಂಥವನ ಕೈಗೆ ಕ್ಯಾಮೆರಾ ಬಂದರೆ ಏನಾಗಬೇಕೋ ಅದೇ ಆಯಿತು. ಬೆಳಕು, ಕೋನ, ದೂರ ಎಂದು ನಾನು ಲೆಕ್ಕ ಹಾಕುವುದರೊಳಗೆ ಫೋಟೊಕ್ಕೆ ನಿಂತವರು ಆಕಳಿಸುತ್ತಿದ್ದರು. ನನ್ನ ಹೆಂಡತಿ ಶೈಲಾ ಒಮ್ಮೆ ರೊಟ್ಟಿ ಬಡಿಯುವ ಚಿತ್ರಕ್ಕೆ ಕೂತು, ರೊಟ್ಟಿ ಹೆಂಚಿನ ಮೇಲೆ ಕರಕಲಾಗುವವರೆಗೂ ನನಗಾಗಿ ಕಾದಳು. "ನೀವು ಬೆಳಕು ನೋಡ್ರಿ, ನಾ ಇನ್ನೊಂದು ರೊಟ್ಟಿ ಬಡೀತೀನಿ" ಎಂದಳು. ಅಂದಿನಿಂದ ನಾನು ಕ್ಯಾಮೆರಾ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರೆ ಸಾಕು, ಅವಳು ಲಟ್ಟಣಿಗೆಯನ್ನು ಸುಮ್ಮನೆ ಕೈಯಲ್ಲಿ ತೆಗೆದುಕೊಳ್ಳುತ್ತಾಳೆ.

ಹೀಗೆ ಒಂದು ರೋಲನ್ನು ಜೋಪಾನವಾಗಿ ಕಾಯ್ದುಕೊಂಡು ಕೂತಿದ್ದಾಗ ನಮ್ಮ ಗಂಗತ್ತಿ ಬಂದಳು. ಗಂಗತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಖಾನಾಪುರದಲ್ಲಿ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಇರುತ್ತಾಳೆ. ಎಂಬತ್ತು ದಾಟಿದೆ, ಆದರೂ ಬೆನ್ನು ನೇರ. ಪ್ರತಿ ಚಳಿಗಾಲ ಒಂದು ವಾರ ನಮ್ಮಲ್ಲಿಗೆ ಬರುತ್ತಾಳೆ. ತಮ್ಮನಿರುವಲ್ಲಿ ತವರು ಎಂಬುದು ಅವಳ ಲೆಕ್ಕ. ಬರುವಾಗ ಒಂದು ಚೀಲ ಗೆಣಸು, ಒಂದು ಚೀಲ ಅಕ್ಕಿ, ಜೊತೆಗೆ ಖಾನಾಪುರದ ಅಷ್ಟೂ ಮನೆಗಳ ಸುದ್ದಿ ತರುತ್ತಾಳೆ. ನನ್ನ ಅಪ್ಪ ಲೋಂಡಾದಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದವರು. ವರ್ಷದ ಉಳಿದ ದಿನಗಳಲ್ಲಿ ಅವರ ಬಾಯಿಂದ ಮಾತು ಹೊರಡಿಸಬೇಕಾದರೆ ಹಸಿರು ಬಾವುಟ ತೋರಿಸಬೇಕು. ಅಕ್ಕ ಬಂದ ದಿನ ಮಾತ್ರ ಬೆಳಗಿನಿಂದಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನ ಬಳಿ ನಿಂತುಬಿಡುತ್ತಾರೆ. ಅವಳು ಇಳಿದ ಕೂಡಲೇ "ಸೊರಗಿ ನೋಡು" ಎನ್ನುತ್ತಾರೆ. ಅವಳು "ನೀ ಸೊರಗಿ ನೋಡು" ಎನ್ನುತ್ತಾಳೆ. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಏನೂ ಮಾತಾಡದೆ ಸಂತೋಷವಾಗಿರುತ್ತಾರೆ.

ಇಂಥದ್ದನ್ನು ಬಣ್ಣದಲ್ಲಿ ಹಿಡಿಯದಿದ್ದರೆ ನಾನೆಂಥ ಕಲಾವಿದ? ಮರುದಿನ ಬೆಳಿಗ್ಗೆಯೇ ಎಳೆಬಿಸಿಲು ನೋಡಿ ಅತ್ತಿಯನ್ನು, ಅಪ್ಪನನ್ನು, ಶೈಲಾಳನ್ನು ಕಟ್ಟೆಯ ಮೇಲೆ ಕೂರಿಸಿದೆ. ಲೆಕ್ಕವೆಲ್ಲ ಹಾಕಿ ಇನ್ನೇನು ಗುಂಡಿ ಒತ್ತಬೇಕು, ಅತ್ತಿ ಕೈ ಎತ್ತಿದಳು.

"ಬಸು, ನಿಂದರು. ಎಷ್ಟ ಮಂದಿ ಅದೀವಿ?"

"ಮೂರು ಮಂದಿ, ಯಾಕ್ರಿ ಅತ್ತಿ?"

"ಮೂರು ಮಂದಿ ಫೋಟೊ ತೆಗೀಬಾರದು. ನಡುವ ನಿಂತಾವರಿಗೆ ಛಲೋ ಅಲ್ಲ. ಇನ್ನೊಬ್ಬರನ್ನ ಕರಿ."

ನಡುವೆ ಕೂತಿದ್ದವಳು ಶೈಲಾ. ಅವಳು ಪದವೀಧರೆ, ನನ್ನ ಭಾಷಣವನ್ನು ಅನೇಕ ಸಲ ಕೇಳಿದವಳು. ಆದರೆ ಎಷ್ಟು ಚುರುಕಾಗಿ ಎದ್ದು ಒಳಗೆ ಹೋದಳೆಂದರೆ, ಅಷ್ಟು ಚುರುಕಾಗಿ ಅವಳು ಗ್ಯಾಸ್ ಆರಿಸಲೂ ಎಂದೂ ಓಡಿದ್ದಿಲ್ಲ. ಅಕ್ಷತಾ ಕಾಲೇಜಿಗೆ ಹೋಗಿದ್ದಳು. ನಾಲ್ಕನೆಯವರನ್ನು ಎಲ್ಲಿಂದ ತರುವುದು? ಅತ್ತಿಯೇ ಕಂಪೌಂಡಿನ ಮೇಲಿಂದ ಪಕ್ಕದ ಮನೆಯ ಜೋಶಿ ಕಾಕುವನ್ನು ಕೂಗಿದಳು. ಕಾಕು ಮನೆಯಲ್ಲಿ ಮರಾಠಿ, ಕಂಪೌಂಡಿನ ಬಳಿ ಕನ್ನಡ ಆಡುವ ಹೆಂಗಸು. "ಆಲೇ, ಆಲೇ! ಬಂದೆ ಬಂದೆ, ಒಂದು ಮಿನಿಟ ನಿಂದರ್ರಿ, ಸೀರಿ ಬದಲು ಮಾಡ್ಕೊಂಡು ಬರ್ತೀನಿ" ಎಂದರು. ಅವರು ಸೀರೆ ಬದಲಿಸಿ ಬರುವಷ್ಟರಲ್ಲಿ ನನ್ನ ಎಳೆಬಿಸಿಲು ನೇರವಾಗಿ ನೆತ್ತಿಯ ಕಡೆಗೆ ಹೊರಟಿತ್ತು. ಶೈಲಾಳೂ ಮರಳಿ ಬಂದು, ಈ ಸಲ ಅಂಚಿಗೆ, ಕೂತಳು. ಆ ರೋಲಿನ ಮೊದಲ ಕುಟುಂಬಚಿತ್ರದಲ್ಲಿ ಹೀಗೆ ಜೋಶಿ ಕಾಕು ಜರಿಯಂಚಿನ ಸೀರೆಯುಟ್ಟು ಎಲ್ಲರಿಗಿಂತ ಮುಂದೆ ಕೂತಿದ್ದಾರೆ.

ನನಗೆ ತಡೆಯಲಾಗಲಿಲ್ಲ. "ಅತ್ತಿ, ನಿನ್ನೆ ಸಂಜೀಕ ಅಕ್ಷತಾ ಫೋನಿನಾಗ ನಿಮ್ಮ ಮೂರು ಮಂದಿದು ತೆಗದ್ಲಲ್ಲ, ಆಗ ಸುಮ್ನ ಇದ್ರಿ?" ಎಂದು ವಕೀಲನಂತೆ ಹಿಡಿದೆ.

ಅತ್ತಿ ಶಾಂತವಾಗಿ ಹೇಳಿದಳು, "ಅದು ಫೋಟೊ ಅಲ್ಲೋ. ಅದನ್ನ ತೊಳಿಯೂದಿಲ್ಲ, ಏನಿಲ್ಲ. ಹೊಳಿ ನೀರಾಗ ಮುಖಾ ನೋಡ್ಕೊಂಡಂಗ, ಈಗ ಬಂತು, ಈಗ ಹೋತು. ತೊಳದು ಕಾಗದದ ಮ್ಯಾಲೆ ಕುಂದರ್ತದಲ್ಲ, ಅದು ಖರೇ ಫೋಟೊ."

ಈ ವಾದಕ್ಕೆ ಉತ್ತರ ಹೇಳಬಲ್ಲ ವಿಜ್ಞಾನಿ ಇನ್ನೂ ಹುಟ್ಟಿಲ್ಲ. ಆ ವಾರವೆಲ್ಲ ನಮ್ಮ ಮನೆಯಲ್ಲಿ ನಾಲ್ಕನೆಯವರ ಹುಡುಕಾಟ ನಡೆಯಿತು. ಇಬ್ಬರಾದರೆ ಅಡ್ಡಿಯಿಲ್ಲ, ನಾಲ್ವರಾದರೆ ಅಡ್ಡಿಯಿಲ್ಲ. ಆದರೆ ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟು ಉಳಿಯುವವರು ಹೊತ್ತಿಗೊಂದು ಥರ ಮೂವರೇ ಆಗಿಬಿಡುತ್ತಿದ್ದರು. ಗ್ಯಾಸ್ ಸಿಲಿಂಡರ್ ತಂದವನು ಒಂದು ಚಿತ್ರದಲ್ಲಿ ಸಿಲಿಂಡರ್ ಸಮೇತ ಅಪ್ಪನ ಪಕ್ಕ ನಿಂತಿದ್ದಾನೆ. ಹತ್ತಿರದ ಸಂಬಂಧಿಯೆಂದೇ ತಿಳಿಯಬೇಕು. ಒಮ್ಮೆ ಯಾರೂ ಸಿಗದೆ ಬೆಕ್ಕು ಎಣಿಕೆಗೆ ಬರುತ್ತದೆಯೋ ಇಲ್ಲವೋ ಎಂಬ ಚರ್ಚೆ ನಡೆದು, "ಅದಕ್ಕೂ ಜೀವ ಐತಿಲ್ಲೋ?" ಎಂದು ಅತ್ತಿ ತೀರ್ಪು ಕೊಟ್ಟಳು. ಅಕ್ಷತಾ ಬೆಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗುಂಡಿ ಒತ್ತುವ ಗಳಿಗೆಗೆ ಸರಿಯಾಗಿ ಅದು ಜಿಗಿದು ಹೋಯಿತು. ಅತ್ತಿ ಬಿಡಲಿಲ್ಲ, ಬೆಕ್ಕನ್ನು ಹಿಡಿದು ತಂದು ಇನ್ನೊಮ್ಮೆ ತೆಗೆಯಲೇಬೇಕಾಯಿತು. ಉಳಿದಂತೆ ಎಲ್ಲ ಕಡೆ ಜೋಶಿ ಕಾಕು. ದಿನದಿಂದ ದಿನಕ್ಕೆ ಅವರ ಸೀರೆಗಳು ಭಾರವಾಗುತ್ತ ಹೋದವು. ವಾರದ ಕೊನೆಗೆ ನಾವು ಕರೆಯುವ ಮೊದಲೇ ಕಂಪೌಂಡಿನ ಬಳಿ ಬಂದು "ಇವತ್ತ ಬ್ಯಾಡೇನ್ರಿ?" ಎಂದು ಕೇಳತೊಡಗಿದರು.

ಅಕ್ಷತಾಳಿಗೆ ಬೇಕಾಗಿದ್ದುದು ಒಂದೇ ಒಂದು ಚಿತ್ರ. ಅಜ್ಜ, ಗಂಗಜ್ಜಿ, ನಡುವೆ ತಾನು. ಬೇರೆ ಯಾರೂ ಬೇಡ, ಬೆಕ್ಕೂ ಬೇಡ, ಕಾಕುವಂತೂ ಬೇಡ. "ಪಪ್ಪಾ, ರೋಲು ತರಿಸಿದಾಕಿ ನಾನು. ನನಗ ಒಂದರ ನನಗ ಬೇಕಾದಂಗ ತೆಗಿ" ಎಂದು ಮುಖ ಸಣ್ಣದು ಮಾಡಿದಳು. ನ್ಯಾಯವಾದ ಬೇಡಿಕೆ. ರೋಲು ಮುಗಿಯುತ್ತ ಬಂದಿತ್ತು, ಅತ್ತಿ ಹೊರಡುವ ದಿನವೂ ಹತ್ತಿರ ಬಂದಿತ್ತು. ಅದಕ್ಕೇ ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ವಿಷಯವನ್ನು ಇತ್ಯರ್ಥ ಮಾಡಿಯೇ ಬಿಡಬೇಕೆಂದು ಹೊರಟೆ. ಶಾಲೆಯ ಭಾಷಣದ ಅಷ್ಟೂ ಸರಕು ತೆಗೆದೆ. "ಅಲ್ರಿ ಅತ್ತಿ, ನಡುವ ನಿಂತಾವರು ಸಾಯ್ತಾರ ಅಂತೀರಿ. ಬಾಜು ನಿಂತಾವರು ಏನು ಚಿರಂಜೀವಿಗಳಾ? ಹಂಗಿದ್ರ ನಮ್ಮ ಹೆಡ್‌ಮಾಸ್ತರನ್ನ ದಿನಾ ನಡುವ ನಿಂದರ್ಸಿ ಫೋಟೊ ತೆಗೀತಿದ್ದೆ ನಾ" ಎಂದೆ. ಅಕ್ಷತಾ ಕಿಸಕ್ಕನೆ ನಕ್ಕಳು. ಉತ್ತೇಜನ ಸಿಕ್ಕಿದ ಮೇಲೆ ಕೇಳಬೇಕೆ? "ಯಾವನೋ ಒಬ್ಬ ಎಲ್ಲೋ ಸತ್ತಿರ್ತಾನ, ಅದಕ್ಕ ಫೋಟೊ ಕಾರಣ ಅಂತ ಯಾರೋ ದಡ್ಡರು ಹೇಳಿರ್ತಾರ, ಅದನ್ನ ನಾವು ಇವತ್ತಿಗೂ ಹೊತ್ಕೊಂಡು ತಿರುಗಾಕತ್ತೀವಿ" ಎಂದು ಮುಗಿಸಿದೆ.

ಅಪ್ಪ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಯಲ್ಲಿಟ್ಟು, ಎದ್ದು, ಕೈ ತೊಳೆದುಕೊಂಡು ಹೊರಗೆ ಹೋದರು. ಅತ್ತಿ ನನ್ನ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿ, "ನೀ ಕಲ್ತಾವ ಬಸು, ಉಣ್ಣು" ಎಂದಳು. ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ನನಗೆ ಏನೋ ತಪ್ಪಾಯಿತೆಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಶೈಲಾಳನ್ನು ಕೇಳಿದರೆ, "ನಿಮಗ ಗೆಲ್ಲೂದು ಬೇಕಾಗಿತ್ತು, ಗೆದ್ರೆಲ್ಲ, ಮತ್ತೇನು?" ಎಂದು ಪಾತ್ರೆಗಳನ್ನು ಎತ್ತಿಕೊಂಡು ಹೋದಳು. ಗೆದ್ದವನ ಊಟ ಅಷ್ಟು ಸಪ್ಪಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಅತ್ತಿಯನ್ನು ಖಾನಾಪುರಕ್ಕೆ ಬಿಟ್ಟು ಬರಲು ಭಾನುವಾರ ಕಾರಿನಲ್ಲಿ ಹೊರಟೆವು. ಶೈಲಾ ಅವಳಿಗೆ ಉಡಿ ತುಂಬಿ ಕಳಿಸಿ ಮನೆಯಲ್ಲೇ ಉಳಿದಳು. ಮುಂದೆ ನಾನು ಮತ್ತು ಅಪ್ಪ, ಹಿಂದೆ ಅತ್ತಿ ಮತ್ತು ಅಕ್ಷತಾ. ಕ್ಯಾಮೆರಾ ಅಕ್ಷತಾಳ ಕೊರಳಲ್ಲಿತ್ತು. ರೋಲಿನಲ್ಲಿ ಒಂದೇ ಒಂದು ಚಿತ್ರ ಉಳಿದಿತ್ತು. ಅದು ಯಾವುದಾಗಬೇಕೆಂದು ಅವಳು ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ದೇಸೂರು ದಾಟಿ, ಅತ್ತಿ ಗದ್ದೆಗಳನ್ನು ನೋಡುತ್ತ ಯಾರ ಹೊಲ ಯಾರ ಪಾಲಿಗೆ ಹೋಯಿತು ಎಂದು ಹೇಳತೊಡಗಿದ ಮೇಲೆ ಕಾರಿನೊಳಗೆ ಸ್ವಲ್ಪ ಉಸಿರಾಡಿದಂತಾಯಿತು. ಖಾನಾಪುರದ ಹತ್ತಿರ ಮಲಪ್ರಭೆ ಕಂಡದ್ದೇ, "ಬಸು, ಘಾಟಿನ ಕಡೆ ತಿರುಗ್ಸು, ಕಾಲಿಗೆ ಒಂದೀಟು ನೀರು ಹಾಕ್ಕೊಂಡು ಹೋಗೂಣು" ಎಂದಳು.

ಹೊಳೆಯಲ್ಲಿ ನೀರು ಕಡಿಮೆ ಇತ್ತು. ಅಕ್ಷತಾ ಕ್ಯಾಮೆರಾ ನನ್ನ ಕೈಗೆ ಕೊಟ್ಟು ಚಪ್ಪಲಿ ಬಿಟ್ಟು ನೀರಿಗಿಳಿದಳು. ಅಪ್ಪ ದೂರದಲ್ಲಿ ನಿಂತು ಸೇತುವೆ ನೋಡುತ್ತಿದ್ದರು. ಅತ್ತಿ ಘಾಟಿನ ಮೆಟ್ಟಿಲ ಮೇಲೆ ಕೂತು ನನ್ನನ್ನು ಪಕ್ಕಕ್ಕೆ ಕರೆದಳು.

"ಆವತ್ತ ನೀ ಅಂದ್ಯಲ್ಲ, ಯಾವನೋ ಒಬ್ಬ ಎಲ್ಲೋ ಸತ್ತಿರ್ತಾನ ಅಂತ. ಅಂವ ನಮ್ಮ ಈರ್ಯಾ."

ನಮ್ಮ ಮನೆಯಲ್ಲಿ ಈರಣ್ಣ ಎಂಬ ಕಾಕಾ ಒಬ್ಬ ಸಣ್ಣವನಿದ್ದಾಗಲೇ ತೀರಿಕೊಂಡಿದ್ದನೆಂದು ನನಗೆ ಗೊತ್ತಿತ್ತು. ಹಳೆಯ ಮನೆಗಳಲ್ಲಿ ಇಂಥ ಒಂದು ಹೆಸರು ಇದ್ದೇ ಇರುತ್ತದೆ. ಹೆಸರಿಗಿಂತ ಹೆಚ್ಚು ನಾನೆಂದೂ ಕೇಳಿರಲಿಲ್ಲ.

ಅತ್ತಿ ಹೊಳೆಯ ಕಡೆ ನೋಡುತ್ತ ಹೇಳಿದಳು. "ಸಂತಿಗೆ ಒಬ್ಬ ಫೋಟೊದಾವ ಬಂದಿದ್ದ. ಪಡದಾ ಕಟ್ಟಿ, ಬಾಜೂಕ ಒಂದು ಸ್ಟೂಲ್ ಇಟ್ಟು, ಅದರ ಮ್ಯಾಲೆ ಕಾಗದದ ಹೂವಿನ ಕುಂಡಾ ಇಟ್ಟಿದ್ದ. ನನ್ನ, ನಿಮ್ಮಪ್ಪನ್ನ, ಈರ್ಯಾನ್ನ, ಮೂರೂ ಮಂದೀನ ನಿಂದರ್ಸಿದ. ನನಗಾಗ ಹತ್ತು ವರ್ಷ, ದೊಡ್ಡಾಕಿ ಅಂತ ನನ್ನ ನಡುವ ನಿಂದರ್ಸಿದ. ನನಗ ಆ ಹೂವಿನ ಮ್ಯಾಲೆ ಕೈ ಇಟಗೊಂಡು ನಿಂದರಬೇಕು ಅಂತ ಆಸೆ. ಹಟಾ ಮಾಡಿ ಆ ಕಡೆ ಸರದೆ. ಈರ್ಯಾನ್ನ ಜಗ್ಗಿ ನಡುವ ನಿಂದರ್ಸಿದೆ. ಅಂವ ನಮ್ಮೊಳಗ ಸಣ್ಣಾವ, ನಾ ಹೇಳಿದ್ದಕ್ಕೆಲ್ಲ ಹೂಂ ಅನ್ನಾಂವ. ಮುಂದ ಮಳಿಗಾಲದಾಗ ಜ್ವರಾ ಬಂತು, ಹೋದ."

ನಾನು ಬಾಯಿ ತೆರೆದೆ. ಮಾಸ್ತರನ ಬಾಯಿ, ಸುಮ್ಮನಿರಲು ಅದಕ್ಕೆ ಬರುವುದಿಲ್ಲ. "ಅತ್ತಿ, ಆಗಿನ ಕಾಲದಾಗ ಔಷಧ ಇರಲಿಲ್ಲ, ಅದು ಜ್ವರದಿಂದ..."

"ಗೊತ್ತೈತೋ ನನಗೂ. ಜ್ವರದಿಂದ ಹೋದ ಅಂತ ನನಗೂ ಗೊತ್ತೈತಿ. ಗೊತ್ತಿದ್ರ ಏನಾತು?" ಎಂದಳು. ಹೊಳೆಯತ್ತ ಕೈ ತೋರಿಸಿ, "ಯಾರೋ ನಮ್ಮವ್ವಗ ಹೇಳಿದ್ರು, ಮೂರು ಮಂದಿ ಫೋಟೊ ತೆಗಿಸಿದ್ದಕ್ಕ ಹಿಂಗಾತು ಅಂತ. ನಮ್ಮಪ್ಪ ಆ ಫೋಟೊ ತಂದು ಇಲ್ಲೇ ಹೊಳ್ಯಾಗ ಬಿಟ್ಟ. ಇದ್ದದ್ದು ಅದೊಂದ. ಈಗ ಈರ್ಯಾನ ಮುಖಾ ನನಗ ನೆಪ್ಪಿಗೆ ಬರೂದಿಲ್ಲ ಬಸು. ಆ ಹೂವಿನ ಕುಂಡಾ ಮಾತ್ರ ನಿಚ್ಚಳ ನೆಪ್ಪೈತಿ. ಕೆಂಪು ಹೂವು" ಎಂದಳು.

ನನಗೆ ನಾಚಿಕೆಯಾಯಿತು. ಊಟದ ತಟ್ಟೆಯ ಮುಂದೆ ಕೂತು ನಾನು ಆಡಿದ ಒಂದೊಂದು ಮಾತೂ ಅವಳ ಎದುರಿಗೆ ಕೂತು ನನ್ನನ್ನೇ ನೋಡುತ್ತಿತ್ತು. ಮಾತಾಡಿದ್ದು ತಪ್ಪೆಂದು ಅಲ್ಲ, ವಿಜ್ಞಾನ ವಿಜ್ಞಾನವೇ. ಆದರೆ ನಾನು ಗೆದ್ದದ್ದು ಹತ್ತು ವರ್ಷದ ಒಬ್ಬ ಹುಡುಗಿಯನ್ನು ಎಂದು ಆಗ ನನಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಅಕ್ಷತಾ ಒದ್ದೆ ಕಾಲಿನಲ್ಲಿ ಮೇಲೆ ಬಂದಳು. ಅವಳಿಗೆ ಇದು ಯಾವುದೂ ಕೇಳಿಸಿರಲಿಲ್ಲ. "ಪಪ್ಪಾ, ಬೆಳಕು ಎಷ್ಟ ಛಂದ ಐತಿ ನೋಡು. ಒಂದು ಉಳದೈತಲ್ಲ, ನಾವು ಮೂರೂ..." ಎಂದವಳು ನಡುವೆಯೇ ನಿಲ್ಲಿಸಿ, ನಾಲಿಗೆ ಕಚ್ಚಿಕೊಂಡು, "ಇರ್ಲಿ, ಅಲ್ಲಿ ಎತ್ತು ತೊಳ್ಯಾಕತ್ತಾರಲ್ಲ, ಅವರನ್ನ ಕರೀತೀನಿ" ಎಂದಳು. ಎತ್ತು ಎಣಿಕೆಗೆ ಬರುತ್ತದೆಯೋ ಇಲ್ಲವೋ ಎಂದು ಬೇರೆ ದಿನವಾಗಿದ್ದರೆ ನಾನು ಕೇಳುತ್ತಿದ್ದೆ.

"ಯಾರೂ ಬ್ಯಾಡ," ಎಂದಳು ಅತ್ತಿ. "ಮೂರ ಮಂದಿ ಸಾಕು. ತಮ್ಮಾ, ಬಾ ಇಲ್ಲಿ."

ಅಪ್ಪ ಬಂದರು. ಅಕ್ಷತಾಳಿಗೆ ಎಲ್ಲಿಲ್ಲದ ಖುಷಿ. ಓಡಿಬಂದು ಇಬ್ಬರ ನಡುವೆ ನುಗ್ಗಿ, ಎರಡೂ ಹೆಗಲ ಮೇಲೆ ಕೈ ಹಾಕಿ ನಿಂತಳು. ಅತ್ತಿ ಅವಳ ರಟ್ಟೆ ಹಿಡಿದು ಈಚೆ ಎಳೆದು, ತಾನು ನಡುವೆ ಬಂದು ನಿಂತಳು.

"ನೀ ಈ ಕಡೆ ನಿಂದರವ್ವಾ. ಅದು ನನ್ನ ಜಾಗಾ."

ಅಪ್ಪನ ಮುಖ ಬಿಳಿಚಿತು. "ಅಕ್ಕಾ, ಬ್ಯಾಡ. ಸರಿ ಆ ಕಡೆ. ನಾ ನಿಂದರ್ತೀನಿ ನಡುವ."

"ಸುಮ್ನ ನಿಂದರೋ. ನಿನಗಿಂತ ಮೊದಲ ಹುಟ್ಟಿದಾಕಿ ನಾ."

"ಯಾವಾಗಲೂ ನಿಂದ ಹಟಾ."

"ಎಂಬತ್ತಾದ್ವು, ಇನ್ನ ನಾ ನಡುವ ನಿಂತ್ರ ಯಾರಿಗೇನು ಲುಕ್ಸಾನು?"

ಇಬ್ಬರು ಮುದುಕರು ಹೊಳೆಯ ದಂಡೆಯ ಮೇಲೆ, ಜಗತ್ತಿನಲ್ಲಿ ಯಾರೂ ನಿಲ್ಲಲು ಬಯಸದ ಆ ಒಂದು ಜಾಗಕ್ಕಾಗಿ ಮಕ್ಕಳಂತೆ ಜಗಳವಾಡಿದರು. ಗೆದ್ದವಳು ಅತ್ತಿ. ಸೆರಗು ತಲೆಯ ಮೇಲೆ ಎಳೆದುಕೊಂಡು, ಒಂದು ಕೈಯಿಂದ ತಮ್ಮನ ತೋಳನ್ನು, ಇನ್ನೊಂದರಿಂದ ಅಕ್ಷತಾಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅಪ್ಪ ಕ್ಯಾಮೆರಾ ನೋಡಲಿಲ್ಲ, ಅಕ್ಕನನ್ನೇ ನೋಡುತ್ತಿದ್ದರು. "ತೆಗಿ ಬಸು" ಎಂದಳು ಅತ್ತಿ.

ನಾನು ಕಣ್ಣು ಹಚ್ಚಿದೆ. ಬೆಳಕು ಸರಿಯಿತ್ತು, ದೂರ ಸರಿಯಿತ್ತು, ಹಿಂದೆ ಹೊಳೆ ಹೊಳೆಯುತ್ತಿತ್ತು. ಇಂಥ ಚಿತ್ರ ಒಂದು ರೋಲಿಗೆ ಒಂದೇ ಸಿಗುತ್ತದೆ. ಗುಂಡಿಯ ಮೇಲೆ ಬೆರಳಿಟ್ಟೆ. ಬೆರಳು ಒತ್ತಲಿಲ್ಲ. ಇನ್ನೊಮ್ಮೆ ಇಟ್ಟೆ. ಅಷ್ಟು ವರ್ಷ ಮಕ್ಕಳ ಎದುರಿಗೆ ಸೀಮೆಸುಣ್ಣ ಹಿಡಿದು, ಕಾರಣ ಬೇರೆ ಕಾಕತಾಳೀಯ ಬೇರೆ ಎಂದು ಬರೆದು ಬರೆದು ಸವೆದ ಬೆರಳು 'ನಾನೊಲ್ಲೆ' ಎಂದು ಕೂತುಬಿಟ್ಟಿತು. ಗಾಜಿನೊಳಗಿಂದ ಅತ್ತಿ ನೇರವಾಗಿ ನನ್ನನ್ನೇ ನೋಡುತ್ತಿದ್ದಳು.

"ಯಾಕೋ?" ಎಂದಳು.

"ಬೆಳಕು ಸರಿ ಇಲ್ರಿ" ಎಂದೆ.

ಈ ಕ್ಯಾಮೆರಾದ ಮೂತಿಯ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ಇದೆ. ಅದನ್ನು ಕೆಳಕ್ಕೆ ತಿರುವಿ ಗುಂಡಿ ಒತ್ತಿದರೆ, ಕರ್‌ರ್ ಎಂದು ಸದ್ದು ಮಾಡುತ್ತ ಸ್ವಲ್ಪ ಹೊತ್ತು ಕಾದು ತಾನೇ ಫೋಟೊ ತೆಗೆಯುತ್ತದೆ. ನಾನು ಕ್ಯಾಮೆರಾವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟೆ, ಕೆಳಗೆ ಕರವಸ್ತ್ರ ಮಡಚಿ ಒತ್ತು ಕೊಟ್ಟೆ, ಕಡ್ಡಿ ತಿರುವಿದೆ, ಗುಂಡಿ ಒತ್ತಿ ಓಡಿದೆ. ನನ್ನ ವಯಸ್ಸಿಗೂ ನನ್ನ ಹೊಟ್ಟೆಗೂ ಓಟ ಹೇಳಿಸಿದ್ದಲ್ಲ. ಘಾಟಿನ ಜಲ್ಲಿಯ ಮೇಲೆ ಜಾರುತ್ತ, ಏದುತ್ತ, ಅಪ್ಪನ ಪಕ್ಕಕ್ಕೆ ಬಂದು ಬಿದ್ದಂತೆ ನಿಂತು ತಿರುಗಿದೆನೋ ಇಲ್ಲವೋ, ಕ್ಯಾಮೆರಾ ಟಕ್ ಎಂದಿತು. ರೋಲು ಮುಗಿಯಿತು.

ಅತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿನಗ ಅಂಜಿಕಿ ಆತೇನೋ?"

"ಅಂಜಿಕಿ ಯಾಕ್ರಿ? ಬಾಜೂಕ ಖಾಲಿ ಖಾಲಿ ಅನಿಸ್ತು."

ಅತ್ತಿ ಜೋರಾಗಿ ನಕ್ಕಳು. ಆ ವಾರದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು ಕಾರಿನ ಕಡೆ ನಡೆದಳು. ಅವಳ ಮನೆಯಲ್ಲಿ ಚಹಾ ಕುಡಿದು ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, ಕೂದಲನ್ನು ಒಮ್ಮೆ ಕೆದರಿ ಬಿಟ್ಟಳು.

ರೋಲು ಮುಂಬೈಗೆ ಹೋಗಿ ತೊಳೆದುಕೊಂಡು ಬಂತು. ಜೋಶಿ ಕಾಕು ತಮ್ಮ ಚಿತ್ರಗಳ ಒಂದೊಂದು ಪ್ರತಿ ತೆಗೆದುಕೊಂಡು ಹೋದರು. ಅವರ ಆಲ್ಬಮ್ಮಿನಲ್ಲಿ ಈಗ ನಮ್ಮ ಮನೆತನವೇ ಇದೆ. ಕೊನೆಯ ಚಿತ್ರವನ್ನು ಅಕ್ಷತಾ ಎಲ್ಲರಿಗಿಂತ ಮೊದಲು ನೋಡಿ, "ಪಪ್ಪಾ, ನೀ ಯಾಕ ಓಡಿ ಬಂದಿ? ಎಲ್ಲಾ ಕೆಡಿಸಿಟ್ಟಿ" ಎಂದಳು. ನೋಡಿದರೆ ನಿಜ. ಅತ್ತಿ, ಅಪ್ಪ, ಅಕ್ಷತಾ ಮೂವರೂ ನಿಚ್ಚಳವಾಗಿ ಬಂದಿದ್ದಾರೆ, ಹೊಳೆಯೂ ಬಂದಿದೆ, ಅತ್ತಿಯ ಹಸಿರು ಸೀರೆಯ ಬಣ್ಣ ಬಂದಿದೆ. ಅಂಚಿನಲ್ಲಿ ನನ್ನ ಒಂದು ಕಿವಿ, ಒಂದು ಕಣ್ಣು, ಅರ್ಧ ಮೀಸೆ, ಅಂಗಿಯ ಒಂದು ತೋಳು ಇವೆ, ಉಳಿದ ನಾನು ಚಿತ್ರದ ಹೊರಗೆ ನಿಂತಿದ್ದೇನೆ. ಹಿನ್ನೆಲೆ, ತೂಕ, ಎಡ ಬಲ ಎಂದು ಏನೇನೋ ವಿವರಿಸಿದೆ. ಶೈಲಾ ಕೇಳಿಸಿಕೊಂಡು, "ಊಟಕ್ಕ ಕುಂತು ಭಾಷಣ ಮಾಡಿದಾವರು ನೀವ ಅಲ್ಲೇನ್ರಿ?" ಎಂದಳು. ನನಗೆ ಶಾಲೆಗೆ ಹೊತ್ತಾಗಿತ್ತು.

ಸಂಜೆ ಮರಳಿ ಬಂದಾಗ ಅಪ್ಪ ಕಿಟಕಿಯ ಪಕ್ಕ ಕೂತು, ಕನ್ನಡಕ ಏರಿಸಿಕೊಂಡು, ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಕ್ಕನನ್ನು ನೋಡುತ್ತಿದ್ದಾರೆಂದು ತಿಳಿದು ನಾನು ಸದ್ದಿಲ್ಲದೆ ನಿಂತೆ. ಹಾಗಲ್ಲ. ಅವರ ತೋರುಬೆರಳು ಚಿತ್ರದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅಕ್ಷತಾಳ ಮೇಲೆ ನಿಂತಿತು, ಅಕ್ಕನ ಮೇಲೆ ನಿಂತಿತು, ತಮ್ಮದೇ ಮುಖದ ಮೇಲೆ ನಿಂತಿತು, ಅಂಚಿಗೆ ಬಂದು ಅಲ್ಲೇ ಉಳಿಯಿತು. ಅಪ್ಪ ತಲೆಯೆತ್ತಿ ನನ್ನನ್ನು ಕಂಡರು. ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಬಸು, ಇದರಾಗ ನೀ ಅರ್ಧಾನ ಬಂದಿ. ನಡೀತದೇನು?"

ಶಾಲೆಯಲ್ಲಿ ಯಾವ ಹುಡುಗನಾದರೂ ಇಂಥ ಪ್ರಶ್ನೆ ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸಿ ಇಡೀ ಒಂದು ಪಿರಿಯಡ್ ಪಾಠ ಮಾಡುತ್ತಿದ್ದೆ. ಅಪ್ಪ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.

"ನಡೀತದ್ರಿ ಅಪ್ಪಾ," ಎಂದೆ. "ವಿಜ್ಞಾನದ ಪ್ರಕಾರನ ಹೇಳಾಕತ್ತೀನಿ, ಪೂರಾ ಒಂದು ಅಂತ ಹಿಡೀಬೇಕು."